ನನ್ನದಲ್ಲದ ಗಾಂಧಾರ

ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನಾನು ಪೆಥಾಲಜಿಸ್ಟ್. ಹ್ಯೂಸ್ಟನ್ನಿನ ಮೆಡಿಕಲ್ ಸೆಂಟರಿನಲ್ಲಿ ಇಪ್ಪತ್ತೊಂದು ವರ್ಷದಿಂದ ಗಾಜಿನ ಸ್ಲೈಡುಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ನೋಡಲು ಚೆನ್ನಾಗಿಯೇ ಇರುವ ಜೀವಕೋಶಗಳ ನಡುವೆ ವೇಷ ಹಾಕಿಕೊಂಡು ಕೂತಿರುವುದು ಯಾವುದು ಎಂದು ಹುಡುಕುತ್ತೇನೆ. ಆ ಚಟ ಮನೆಗೂ ಬಂದಿದೆ ಎಂದು ನನ್ನ ಗಂಡ ಚನ್ನಮಲ್ಲಪ್ಪ ಹೇಳುತ್ತಾರೆ. ಹಾಲು ಒಡೆದರೆ ನನಗೆ ಅಂಗಡಿಯವನ ಮೇಲೆ ಅನುಮಾನ, ಕುಕ್ಕರ್ ಕೂಗದಿದ್ದರೆ ಅವರ ಮೇಲೆ. ಅವರ ಮಾತಿನಲ್ಲಿ ಸುಳ್ಳೇನಿಲ್ಲ. ಆದರೆ ೨೦೦೩ರ ಜನವರಿಯಲ್ಲಿ ಡಾಲಸ್‌ನಿಂದ ಟಪಾಲಿನಲ್ಲಿ ಬಂದ ಸೀಡಿಯ ವಿಷಯದಲ್ಲಿ ನನಗೆ ಬಂದದ್ದು ಚಟದ ಅನುಮಾನವಲ್ಲ.

ಆ ವರ್ಷದ ಯುಗಾದಿಗೆ ಟೆಕ್ಸಾಸಿನ ಕನ್ನಡದವರೆಲ್ಲ ಸೇರಿ ಒಂದು ಹಾಡಿನ ಸೀಡಿ ತರುವುದೆಂದು ತೀರ್ಮಾನವಾಗಿತ್ತು. ಹತ್ತು ಹಾಡು. ಐದು ನಾನು ಹಾಡುವುದು, ಐದು ಆಸ್ಟಿನ್ನಿನ ಸುಪ್ರಜಾ. ಅವಳು ಮೈಸೂರಿನ ಹುಡುಗಿ, ಚಿಪ್ ಕಂಪನಿಯಲ್ಲಿ ಕೆಲಸ, ದನಿ ಜೇನು. ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಕೃಷ್ಣಚೈತನ್ಯನದು. ಟೆಲಿಕಾಂ ಕಂಪನಿ ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಮೇಲೆ ಆ ಹುಡುಗ ತನ್ನ ಎರಡನೆಯ ಬೆಡ್‌ರೂಮಿನ ಗೋಡೆಗಳಿಗೆ ರಜಾಯಿ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದ. ಬೆಂಗಳೂರಿನಲ್ಲಿದ್ದಾಗ ಕಾಲೇಜಿನ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದನಂತೆ. ಒಳ್ಳೆಯವನು. ಒಳ್ಳೆಯವರ ಮೇಲೆ ಅನುಮಾನ ಪಡುವುದು ಕಷ್ಟ, ಹಾಗಾಗಿ ಸ್ವಲ್ಪ ತಡವಾಯಿತು.

ನನ್ನ ಐದರಲ್ಲಿ ನಾಲ್ಕು ಹಾಡು ಹೋದರೂ ನನಗೆ ಚಿಂತೆಯಿರಲಿಲ್ಲ. ಐದನೆಯದು ನನ್ನ ತಂದೆ ಬರೆದದ್ದು. ಅವರು ಧಾರವಾಡದ ಹತ್ತಿರ ಪ್ರಾಥಮಿಕ ಶಾಲೆಯ ಮಾಸ್ತರರು. ಒಂದೇ ಒಂದು ಪದ ಬರೆದರು, ಅಚ್ಚು ಹಾಕಿಸಲಿಲ್ಲ.

ಹೊಲದ ಬದುವಿನ ಮ್ಯಾಲ ಹೊತ್ತು ಕುಂತೈತಿ,
ಎಬ್ಬಿಸಬ್ಯಾಡ ಮಗಳ, ದಣಿದೈತಿ.

ನಾನು ಅದಕ್ಕೆ ದರ್ಬಾರಿ ರಾಗ ಹಚ್ಚಿದ್ದೆ. ‘ದಣಿದೈತಿ’ ಎನ್ನುವಲ್ಲಿ ಗಾಂಧಾರ, ಅಂದರೆ ಸರಿಗಮದ ಗ, ಬರುತ್ತದೆ. ದರ್ಬಾರಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ತೂಗುವ ತೊಟ್ಟಿಲಿನ ಹಾಗೆ ನಿಧಾನಕ್ಕೆ ಆಡುತ್ತಿರಬೇಕು. ಅಷ್ಟು ಕಲಿಸುವುದಕ್ಕೆ ನನ್ನ ಗುರುಗಳು ಎರಡು ವರ್ಷ ತೆಗೆದುಕೊಂಡರು, ಬೈದದ್ದಕ್ಕೆ ಲೆಕ್ಕವಿಲ್ಲ. ಉಳಿದದ್ದೇನು ಮರೆತರೂ ಆ ಒಂದು ಸ್ವರ ನನ್ನದು ಎಂಬ ಜಂಬ ನನಗಿತ್ತು.

ಅಕ್ಟೋಬರಿನಲ್ಲಿ ಹಾಡಿ ಬಂದೆ. ನವೆಂಬರಿನಲ್ಲಿ ನನ್ನ ಥೈರಾಯಿಡ್ ತೆಗೆದರು. ಗಂಟಲಿನ ನರಕ್ಕೆ ತೊಂದರೆಯಾಗಬಹುದು, ನೂರರಲ್ಲಿ ಒಬ್ಬರಿಗೆ ಹಾಗಾಗುತ್ತದೆ ಎಂದು ಸರ್ಜನ್ ಮೊದಲೇ ಹೇಳಿದ್ದರು. ಆ ಒಬ್ಬಳು ನಾನಾದೆ. ಯಾರ ತಪ್ಪೂ ಅಲ್ಲ, ಅದನ್ನು ಡಾಕ್ಟರಾಗಿ ನಾನು ಒಪ್ಪಿಕೊಂಡೆ. ಮಾತಾಡಿದರೆ ಜರಡಿಯಲ್ಲಿ ಮರಳು ಆಡಿಸಿದಂಥ ಸದ್ದು. ಸರಿಗಮದಲ್ಲಿ ಮೂರನೆಯ ಸ್ವರಕ್ಕೆ ಗಾಳಿ ಮಾತ್ರ ಬರುತ್ತಿತ್ತು. ಆರು ತಿಂಗಳು ಕಾಯಿರಿ ಎಂದರು. ಅವರ ಮುಖ ನೋಡಿದರೆ ಕಾಯುವುದರಲ್ಲಿ ಏನೂ ಇಲ್ಲ ಎಂದು ಗೊತ್ತಾಗುತ್ತಿತ್ತು. ರೋಗಿಗಳ ಮನೆಯವರ ಮುಂದೆ ನಾನೂ ಅಂಥ ಮುಖ ಮಾಡಿದ್ದೇನೆ.

ಹೀಗಾಗಿ ಆ ಸೀಡಿಯಲ್ಲಿ ಇದ್ದದ್ದೇ ನನ್ನ ದನಿ. ಬೇರೆಲ್ಲೂ ಇರಲಿಲ್ಲ. ಹಳೆಯ ಕ್ಯಾಸೆಟ್ಟುಗಳಲ್ಲಿ ಇದ್ದದ್ದು ಕನ್ನಡ ಸಂಘದ ಗದ್ದಲ, ಮಕ್ಕಳ ಅಳು, ಊಟಕ್ಕೆ ಕರೆಯುವ ಮೈಕು, ಅದರ ನಡುವೆ ಎಲ್ಲೋ ನಾನು.

ಸೀಡಿ ಬಂದ ದಿನ ಅಡುಗೆಮನೆಯ ಪ್ಲೇಯರಿಗೆ ಹಾಕಿದೆ. ತಂದೆಯ ಪದ ಬಂತು. ಕೊಳಲು, ಕೀಬೋರ್ಡು, ತಬಲಾ ಎಲ್ಲ ನುಣ್ಣಗೆ. ನಡುವೆ ಒಂದು ಹೆಣ್ಣು ದನಿ, ಬಲು ಇಂಪು. ನನ್ನ ಗಂಡ ಈರುಳ್ಳಿ ಹೆಚ್ಚುತ್ತಿದ್ದರು.

"ಚಂದ ಬಂದೈತಿ," ಎಂದರು.

ಹಾಡು ಇನ್ನೂ ಪಲ್ಲವಿಯಲ್ಲಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ಹಾಡು ಮುಗಿಯುವ ಮೊದಲು ಅಭಿಪ್ರಾಯ ಹೇಳಿದವರಲ್ಲ. ಅದರಲ್ಲೂ ಅವರೇ ತಬಲಾ ಬಾರಿಸಿದ ಹಾಡು. ತಲೆಯೆತ್ತಿ ನನ್ನನ್ನು ನೋಡಲೂ ಇಲ್ಲ. ನಾನು ಸೀಡಿ ತೆಗೆದುಕೊಂಡು ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹೆಡ್‌ಫೋನಿನಲ್ಲಿ ಕೇಳಿದೆ. ಗಾಂಧಾರ ಆಡುತ್ತಿರಲಿಲ್ಲ. ಗೂಟ ಹೊಡೆದಂತೆ ನೆಟ್ಟಗೆ ನಿಂತಿತ್ತು. ಅಷ್ಟೇ ಅಲ್ಲ, ಆ ದನಿಯ ಹಿಂದೆ ಇನ್ನೊಬ್ಬಳಿದ್ದಳು. ದೂರದಲ್ಲಿ, ಬಲಗಿವಿಯ ಕಡೆಗೆ, ಗೋಡೆಯಾಚೆ ನಿಂತು ಹಾಡಿದ ಹಾಗೆ. ಕೊಳಲು ಬಂದಾಗ, ಅದರಲ್ಲೂ ‘ದಣಿದೈತಿ’ಯ ಮೇಲೆ, ಮುಳುಗುತ್ತಿದ್ದಳು, ಕೊಳಲು ನಿಂತಾಗ ತಲೆಯೆತ್ತುತ್ತಿದ್ದಳು. ಹನ್ನೊಂದು ಸಲ ಕೇಳಿದೆ. ಒಬ್ಬಳಲ್ಲ, ಇಬ್ಬರು.

ಸ್ಲೈಡಿನಲ್ಲಿ ಇಬ್ಬರು ಕಂಡರೆ ಒಬ್ಬರು ಹೊರಗಿನವರು. ನನಗೆ ಹೊರಗಿನವಳ ಹೆಸರು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸುಪ್ರಜಾ ನಾನು ಹಾಡಿದ ಮುಂದಿನ ವಾರವೇ ಅದೇ ಕೋಣೆಯಲ್ಲಿ, ಅದೇ ಮೈಕಿನ ಮುಂದೆ ಹಾಡಿದ್ದಳು. ನನ್ನ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಕೃಷ್ಣಚೈತನ್ಯನೂ ಅವಳೂ ಒಂದು ವಾರಿಗೆಯವರು, ಒಬ್ಬರಿಗೊಬ್ಬರು ಹೋಗೋ ಬಾರೇ ಎನ್ನುವ ಸಲುಗೆ. ಧಾರವಾಡದ ಮುದುಕಿಯ ದನಿ ಒರಟಾಯಿತು, ಅಡಿಯಲ್ಲಿ ಸ್ವಲ್ಪ ಮೈಸೂರಿನ ಜೇನು ಹಚ್ಚೋಣ ಎಂದು ಇಬ್ಬರೂ ಮಾತಾಡಿಕೊಂಡಿರಬೇಕು. ಮಾತಾಡಿಕೊಂಡು ನಕ್ಕಿರಬೇಕು. ಆ ನಗು ಕೂಡ ನನಗೆ ಕೇಳಿಸಿತು. ಅಷ್ಟು ಸಿಟ್ಟು.

ಗುರುವಾರ ಸಂಜೆ ಪೇರ್ಲ್ಯಾಂಡಿನ ಗುಡಿಯಿಂದ ಬಂದು ಗ್ಯಾರೇಜಿನ ಬಾಗಿಲು ತೆರೆದೆ. ಚನ್ನಮಲ್ಲಪ್ಪ ಕಾರ್ಡ್‌ಲೆಸ್ ಫೋನು ಹಿಡಿದು ವಾಷಿಂಗ್ ಮಷೀನಿಗೆ ಒರಗಿ ನಿಂತಿದ್ದರು.

"ನಾ ಹೇಳಿದ್ದು ಆಕೀಗೆ ಗೊತ್ತಾಗೂದು ಬ್ಯಾಡ್ರಿ," ಎನ್ನುತ್ತಿದ್ದರು. ನನ್ನನ್ನು ನೋಡಿ, "ಆತ್ರಿ, ಇಡ್ತೇನಿ," ಎಂದು ಫೋನಿಟ್ಟರು.

"ಯಾರು?"

"ಇನ್ಶುರೆನ್ಸಿನವ."

ಇನ್ಶುರೆನ್ಸಿನವನಿಗೆ ಕನ್ನಡ ಯಾವಾಗ ಬಂತು ಎಂದು ನಾನು ಕೇಳಲಿಲ್ಲ. ಒಳಗೆ ಹೋಗಿ ಫೋನಿನ ಮರುಡಯಲ್ ಗುಂಡಿ ಒತ್ತಿದೆ. ಪರದೆಯ ಮೇಲೆ ಡಾಲಸ್ ನಂಬರು ಬಂತು, ಇಟ್ಟೆ. ಅಂದರೆ ಮೂವರು. ನನ್ನ ಮನೆಯಲ್ಲಿ, ನನ್ನ ಈರುಳ್ಳಿ ಹೆಚ್ಚುವವರೂ ಸೇರಿ ಮೂವರು. ಆ ರಾತ್ರಿ ನಾನು ಊಟ ಮಾಡಲಿಲ್ಲ, ಯಾಕೆಂದು ಅವರು ಕೇಳಲೂ ಇಲ್ಲ. ಅದನ್ನೂ ಅವರ ಲೆಕ್ಕಕ್ಕೇ ಬರೆದುಕೊಂಡೆ.

ಶನಿವಾರ ಬೆಳಿಗ್ಗೆ ಏಳಕ್ಕೆ, "ನಡೀರಿ, ಡಾಲಸ್ಸಿಗೆ ಹೋಗೂಣು. ದಾರ್ಯಾಗ ಆಸ್ಟಿನ್ನು," ಎಂದೆ.

"ಆಸ್ಟಿನ್ನು ದಾರ್ಯಾಗ ಎಲ್ಲಿ ಬರ್ತೈತಿ?"

"ಇವತ್ತು ಬರ್ತೈತಿ."

ಕಾರು ನಾನೇ ಓಡಿಸಿದೆ. ಅವರ ಕೈಗೆ ಸ್ಟೀರಿಂಗ್ ಕೊಟ್ಟರೆ ಎಲ್ಲಾದರೂ ಎಕ್ಸಿಟ್ ತಪ್ಪಿಸಿಯಾರು ಎಂಬ ಅನುಮಾನವೂ ಇತ್ತು. ಪಕ್ಕದಲ್ಲಿ ಕೂತು ಅವರು ಎರಡು ಗಂಟೆ ಮ್ಯಾಪು ಬಿಚ್ಚಿದರು, ಮಡಿಚಿದರು. ರೇಡಿಯೋ ಹಾಕಲು ಹೋದರೆ ನಾನು ಆರಿಸಿದೆ. ಬ್ರೆನಮ್ ದಾಟುವಾಗ, "ಸಿಟ್ಟಾಗಿಯೇನು?" ಎಂದರು. "ಇಲ್ಲ," ಎಂದೆ. ಆ ಗೊಗ್ಗರು ದನಿಯಲ್ಲಿ ‘ಇಲ್ಲ’ ಕೂಡ ಬೈದ ಹಾಗೆ ಕೇಳುತ್ತಿತ್ತು.

ಸುಪ್ರಜಾ ಬಾಗಿಲು ತೆರೆದವಳು ಖುಷಿಯಿಂದ ನನ್ನ ಕೈ ಹಿಡಿದಳು. "ಬನ್ನಿ ಆಂಟಿ, ಬನ್ನಿ ಅಂಕಲ್. ಫೋನ್ ಮಾಡಿದ್ರೆ ತಿಂಡಿ ಮಾಡಿರ್ತಿದ್ದೆ." ಕಾಫಿ ಸೋಸಲು ಹೊರಟಳು. ಕಳ್ಳರು ಕಾಫಿ ಚೆನ್ನಾಗಿ ಮಾಡುತ್ತಾರೆ ಎಂದುಕೊಂಡೆ. ಕುಡಿಯಲಿಲ್ಲ. ಸೀಡಿ ಅವಳ ಮುಂದಿಟ್ಟೆ.

"ಕೇಳು. ಹೆಡ್‌ಫೋನ್ ಹಾಕ್ಕೊಂಡು ಕೇಳು. ಇದರಾಗ ನೀ ಎಲ್ಲಿದ್ದಿ ಹೇಳು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. ಆದರೂ ಹೆಡ್‌ಫೋನ್ ಹಾಕಿಕೊಂಡಳು. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಅರ್ಧದಲ್ಲಿ ಬಲಗಡೆಯ ಬಟ್ಟಲನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಆಂಟಿ, ಇದರಲ್ಲಿ ನಾನೆಲ್ಲೂ ಇಲ್ಲ," ಎಂದಳು.

"ಹಿಂದ ಒಬ್ಬಾಕಿ ಅದಾಳಲ್ಲ."

"ಇದಾರೆ. ಹಿಂದೆ ಇರೋದು ನೀವು." ಅವಳು ಸ್ವಲ್ಪ ತಡೆದಳು. "ಮುಂದೆ ಇರೋದು ಯಾರು ಅಂತ ನನಗೆ ಗೊತ್ತಾಗ್ತಿಲ್ಲ."

ನನಗೆ ಆ ಹುಡುಗಿಯ ಜಾಣತನ ನೋಡಿ ಇನ್ನೂ ಉರಿಯಿತು. "ಹಂಗಾರ ಹಾಡು," ಎಂದೆ. "ಎರಡನೇ ಸಾಲು ಹಾಡು."

ಹಾಡಿದಳು. ಸೊಗಸಾಗಿ ಹಾಡಿದಳು. ಗಾಂಧಾರಕ್ಕೆ ಬಂದಾಗ ಕರ್ನಾಟಕ ಶೈಲಿಯಲ್ಲಿ ಮೇಲಿನಿಂದ ಬೀಸಿ ಇಳಿಸಿದಳು. ಅದು ಸೀಡಿಯ ಮುಂದಿನವಳ ಗೂಟದ ಗಾಂಧಾರವೂ ಅಲ್ಲ, ನನ್ನ ತೂಗುವ ಗಾಂಧಾರವೂ ಅಲ್ಲ. ಮೂರನೆಯದು. ಸುಳ್ಳು ಹೇಳುವವರು ಮಾತಿನಲ್ಲಿ ಹೇಳಿಯಾರು, ಸ್ವರದಲ್ಲಿ ಹೇಳುವುದು ಸುಲಭವಲ್ಲ.

"ನಿಮ್ಮ ಥರ ತೂಗೋಕೆ ನನಗೆ ಬರಲ್ಲ ಆಂಟಿ," ಎಂದಳು. "ಅಕ್ಟೋಬರಲ್ಲಿ ನಿಮ್ಮ ಟೇಕ್ ಕೇಳಿದ ಮೇಲೆ ಮನೇಲಿ ಒಂದು ವಾರ ಟ್ರೈ ಮಾಡಿದೀನಿ. ಬರಲಿಲ್ಲ."

ಕಣ್ಣಲ್ಲಿ ನೀರಿತ್ತು. ನನ್ನಿಂದ ಅವಮಾನವಾದದ್ದಕ್ಕೋ, ಬರದೆ ಹೋದ ಸ್ವರಕ್ಕೋ ತಿಳಿಯಲಿಲ್ಲ. ನಾನು ಎದ್ದು ನಿಂತು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ. ಕ್ಷಮೆ ಕೇಳುವುದಕ್ಕೆ ನನಗೆ ಅಷ್ಟೇ ಬಂತು. ಹೊರಗೆ ಬಂದು ನೋಡಿದರೆ ಚನ್ನಮಲ್ಲಪ್ಪ ಆಗಲೇ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದರು, ನೋಟ ನೆಲದ ಮೇಲೆ.

ಇನ್ನುಳಿದವರು ಇಬ್ಬರು. ಒಬ್ಬರು ನನ್ನ ಪಕ್ಕದಲ್ಲೇ ಇದ್ದರು. ಡಾಲಸ್ ದಾರಿಯಲ್ಲಿ ವೇಕೋ ಬಂತು. ಅಲ್ಲಿ ಪೆಟ್ರೋಲ್ ಹಾಕಿಸುವಾಗ ಅವರು, "ಗೋದಾವರಿ, ಆ ಹುಡುಗನ್ನ ಬೈಬ್ಯಾಡ," ಎಂದರು. ನಾನು ಯಾಕೆಂದು ಕೇಳುವ ಮೊದಲೇ ಕಾರಿನ ಗಾಜು ಒರೆಸಲು ಹೋದರು. ಗಾಜು ಶುಭ್ರವಾಗಿಯೇ ಇತ್ತು.

ಮೂರೂವರೆಗೆ ಫಾರ್ಮರ್ಸ್ ಬ್ರಾಂಚು ತಲುಪಿದೆವು. ಕೃಷ್ಣಚೈತನ್ಯ ಬಾಗಿಲಲ್ಲೇ ನಿಂತಿದ್ದ. ಸುಪ್ರಜಾ ಫೋನ್ ಮಾಡಿದ್ದಳು ಎಂದು ಅವನ ಮುಖದಲ್ಲೇ ಬರೆದಿತ್ತು. ಕೂತ್ಕೊಳ್ಳಿ ಎಂದ, ನೀರು ತರಲೇ ಎಂದ. ನಾನು ನೇರವಾಗಿ ರಜಾಯಿಯ ಕೋಣೆಗೆ ನಡೆದು ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಕೂತೆ.

"ಹಚ್ಚು," ಎಂದೆ. "ಒಂದೊಂದಾಗಿ ತಗದು ತೋರಿಸು. ಯಾವುದು ಎಲ್ಲಿ ಐತಿ, ಏನು ಮಾಡಿದಿ, ಎಲ್ಲಾ."

ಪರದೆಯ ಮೇಲೆ ಹಾಡು, ದನಿಗೊಂದು ವಾದ್ಯಕ್ಕೊಂದು ಎಂಬಂತೆ, ಎಂಟು ಪಟ್ಟಿಗಳಾಗಿ ಒಂದರ ಕೆಳಗೊಂದು ಮಲಗಿತ್ತು. ಹುಡುಗ ಮೊದಲು ತಡವರಿಸಿದ. ಆಮೇಲೆ ಕೆಲಸದ ಮಾತು ಬಂದ ಕೂಡಲೇ ದನಿ ಗಟ್ಟಿಯಾಯಿತು. ಎಲ್ಲವನ್ನೂ ಜೋರು ಮಾಡಿದರೆ ಯಾವುದೂ ಕೇಳಿಸುವುದಿಲ್ಲ, ಅದಕ್ಕೆ ಒಂದೊಂದಕ್ಕೂ ಜಾಗ ಹುಡುಕಬೇಕು ಎಂದ. ಕೊಳಲನ್ನು ಎಡಕ್ಕೆ ಕೂರಿಸಿದ್ದ, ತಬಲಾವನ್ನು ಬಲಕ್ಕೆ, ದನಿಯನ್ನು ನಡುವೆ.

"ಕೀಬೋರ್ಡೂ ನಿಮ್ಮ ವಾಯ್ಸೂ ಒಂದೇ ಎತ್ತರದಲ್ಲಿ ಗುದ್ದಾಡ್ತಿದ್ವು ಆಂಟಿ. ವಾಯ್ಸ್ ಜೋರು ಮಾಡೋ ಬದಲು ಕೀಬೋರ್ಡಲ್ಲಿ ಆ ಭಾಗ ಮಾತ್ರ ಸ್ವಲ್ಪ ಕೆತ್ತಿ ತೆಗೆದೆ. ಈಗ ನೋಡಿ, ವಾಯ್ಸ್ ತಾನಾಗೇ ಮುಂದೆ ಬರುತ್ತೆ."

ಕೀಬೋರ್ಡನ್ನು ಕೆತ್ತಿದ್ದನ್ನೂ ಕೆತ್ತದೇ ಇದ್ದದ್ದನ್ನೂ ಕೇಳಿಸಿದ. ನಿಜ. ಬಾಗಿಲಿಗೆ ಅಡ್ಡ ನಿಂತವರು ಪಕ್ಕಕ್ಕೆ ಸರಿದ ಹಾಗೆ ದನಿ ಹೊರಗೆ ಬಂತು. ಪಿಸುಗುಟ್ಟಿದ ಪದವನ್ನು ಎತ್ತಿ, ಒತ್ತಿ ಹಾಡಿದ ಪದವನ್ನು ತಗ್ಗಿಸಿ ಸಮ ಮಾಡುವುದನ್ನು ತೋರಿಸಿದ. ರಜಾಯಿಯ ಕೋಣೆಯಲ್ಲಿ ಒಣಗಿದ ದನಿಗೆ ಸ್ವಲ್ಪ ಗುಡಿಯ ಗುಂಯ್‌ಗುಡುವಿಕೆ ಸೇರಿಸುವುದನ್ನು ತೋರಿಸಿದ. ಕಸಬು ಬಲ್ಲವನು. ನನಗೆ ಮೆಚ್ಚಿಗೆಯಾಯಿತು, ಆದರೆ ಅದನ್ನು ತೋರಿಸಿಕೊಳ್ಳುವ ದಿನ ಅದಾಗಿರಲಿಲ್ಲ.

"ಈಗ ದನಿ ಒಂದನ್ನೇ ಹಚ್ಚು."

ಅವನು ಚನ್ನಮಲ್ಲಪ್ಪನವರ ಕಡೆ ನೋಡಿದ. ಅವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು.

"ಅವರನ್ನ ಏನು ನೋಡ್ತಿ? ನನ್ನ ನೋಡು."

ಉಳಿದ ಪಟ್ಟಿಗಳನ್ನೆಲ್ಲ ಆರಿಸಿ ಒಂದನ್ನೇ ಬಿಟ್ಟ. ಕೋಣೆಯಲ್ಲಿ ಆ ಇಂಪಾದ ಹೆಂಗಸು ಒಬ್ಬಳೇ ಹಾಡಿದಳು. ಉಸಿರು ನನ್ನದು. ‘ಬದುವಿನ’ ಎನ್ನುವಾಗ ನಾಲಗೆ ತಾಗುವ ರೀತಿ ನನ್ನದು. ಸ್ವರಗಳು ಮಾತ್ರ ಯಾರವೂ ಅಲ್ಲ. ಒಂದರಿಂದ ಒಂದಕ್ಕೆ ಮೆಟ್ಟಿಲು ಹತ್ತಿದ ಹಾಗೆ, ನಡುವೆ ಜಾರಿಲ್ಲ, ತೂಗಿಲ್ಲ. ‘ದಣಿದೈತಿ’ ಬಂತು. ಗೂಟ.

"ಇದಕ್ಕ ಏನು ಮಾಡಿದಿ?"

"ಶ್ರುತಿ ಸರಿ ಮಾಡೋ ಸಾಫ್ಟ್‌ವೇರ್ ಇದೆ ಆಂಟಿ. ಅದಕ್ಕೆ ಸ್ಕೇಲ್ ಹೇಳಿದ್ರೆ ಆಚೀಚೆ ಹೋದ ಸ್ವರಾನ ಎಳೆದು ಸರಿಯಾದ ಜಾಗಕ್ಕೆ ಕೂರಿಸುತ್ತೆ." ಅವನ ದನಿ ಸಣ್ಣಗಾಯಿತು. "ನಿಮ್ಮ ಪಿಚ್ ಕೆಲವು ಕಡೆ ತುಂಬಾ ಅಲ್ಲಾಡ್ತಿತ್ತು. ಆಗಲೇ ಗಂಟಲು ತೊಂದರೆ ಶುರುವಾಗಿತ್ತಲ್ಲ, ಅದಕ್ಕೇ ನಡುಗ್ತಿದೆ ಅಂದ್ಕೊಂಡೆ. ಎಲ್ಲಾ ಒಂದೊಂದಾಗಿ ಕೂತು ಸ್ಟ್ರೈಟ್ ಮಾಡಿದೆ. ಹದಿಮೂರು ದಿನ ಹಿಡೀತು."

ಎರಡು ವರ್ಷ ಬೈಸಿಕೊಂಡು ಕಲಿತದ್ದನ್ನು ಈ ಹುಡುಗ ರೋಗ ಎಂದುಕೊಂಡು ಹದಿಮೂರು ದಿನ ಔಷಧಿ ಹಾಕಿದ್ದ. ಸುಪ್ರಜಾ ಇದ್ದಿದ್ದರೂ ಚೆನ್ನಾಗಿತ್ತು, ಹೊರಗಿನವಳು ಎಂದು ಓಡಿಸಬಹುದಿತ್ತು. ಇಲ್ಲಿ ನನ್ನದೇ ದನಿಗೆ ನನ್ನ ವಿರುದ್ಧ ಪಾಠ ಹೇಳಿಕೊಟ್ಟಿದ್ದ.

"ಯಾರನ್ನ ಕೇಳಿ ಮಾಡಿದಿ?"

ಅವನು ಮತ್ತೆ ಬಾಗಿಲ ಕಡೆ ನೋಡಿದ. ಹಿಂದಿನಿಂದ ಚನ್ನಮಲ್ಲಪ್ಪ ಹೇಳಿದರು. "ನಾ ಹೇಳಿದ್ದೆ. ಆಪರೇಷನ್ ಆದ ಮ್ಯಾಲ. ಇನ್ನ ಆಕಿ ಹಾಡೂದಿಲ್ಲ, ಇದೊಂದ ಉಳಿಯೂದು, ಒಂದೂ ಕೊರತಿ ಇರಬಾರದು, ಚಂದ ಮಾಡ್ರಿ ಅಂದಿದ್ದೆ. ಹಿಂಗ ಮಾಡ್ತಾರಂತ ಗೊತ್ತಿರ್ಲಿಲ್ಲ. ಸೀಡಿ ಬಂದ ದಿನಾನ ಗೊತ್ತಾತು."

"ಚಂದ ಬಂದೈತಿ ಅಂದ್ರಿ."

"ಏನನ್ನಬೇಕಿತ್ತು?"

ನಾನು ಹುಡುಗನ ಕಡೆ ತಿರುಗಿದೆ. "ಸಾಕು. ಅದನ್ನ ತಗೀ. ನಾ ಹಾಡಿದ್ದು ಮೊದಲಿನದು ಹಾಕು."

ಕೃಷ್ಣಚೈತನ್ಯ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡ. "ಅದಿಲ್ಲ ಆಂಟಿ. ಹಾರ್ಡ್ ಡಿಸ್ಕ್ ತುಂಬಿತ್ತು. ಸರಿ ಮಾಡಿದ್ದನ್ನ ಅದರ ಮೇಲೇ ಸೇವ್ ಮಾಡ್ತಾ ಬಂದೆ. ಒಂದು ಸೀಡಿಗೆ ಬ್ಯಾಕಪ್ ತೆಗೆದಿದ್ದೆ. ಗುರುವಾರ ಅಂಕಲ್ ಫೋನ್ ಮಾಡಿ, ಹಳೇದನ್ನೇ ವಾಪಸ್ ಹಾಕಿ, ನಾನು ಹೇಳಿದ್ದು ಆಂಟಿಗೆ ಗೊತ್ತಾಗೋದು ಬೇಡ ಅಂದ್ರು. ಆವಾಗಿಂದ ಅದನ್ನ ಓದಿಸೋಕೆ ನೋಡ್ತಿದೀನಿ. ಓದ್ತಿಲ್ಲ."

ಮೇಜಿನ ಮೇಲೆ ಆ ಸೀಡಿ ಬಿದ್ದಿತ್ತು. ಮೂರು ಕಂಪ್ಯೂಟರುಗಳಲ್ಲಿ ಹಾಕಿ ನೋಡಿದ್ದನಂತೆ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. ಬೈಯಲೆಂದು ಬಂದಿದ್ದ ನಾನು ಕೂತಲ್ಲೇ ಅತ್ತೆ. ಆಪರೇಷನ್ ಆದಾಗ ಅತ್ತಿರಲಿಲ್ಲ, ಸರ್ಜನ್ನಿನ ಮುಖ ನೋಡಿದಾಗಲೂ ಅತ್ತಿರಲಿಲ್ಲ. ಅವತ್ತು ಆ ರಜಾಯಿಯ ಕೋಣೆಯಲ್ಲಿ, ಇಬ್ಬರು ಗಂಡಸರ ಮುಂದೆ, ಸದ್ದು ಸರಿಯಾಗಿ ಬಾರದ ಅಳು ಅತ್ತೆ.

ಸ್ವಲ್ಪ ಹೊತ್ತಾದ ಮೇಲೆ ಸುಪ್ರಜಾ ಹೇಳಿದ ಮಾತು ತಲೆಗೆ ಬಂತು. ಹಿಂದೆ ಇರೋದು ನೀವು. ಅಳುವುದು ನಿಂತಿತು.

"ಹಿಂದ ಇರಾಕಿ ಯಾರು?" ಎಂದೆ.

"ಯಾವ ಹಿಂದೆ?"

"ಬಲಕ್ಕ. ಒಬ್ಬಾಕಿ ಹಿಂದ ನಿಂತು ಹಾಡ್ತಾಳ."

"ಓ, ಅದಾ. ಅದು ಲೀಕು ಆಂಟಿ. ನೀವು ಎದುರಿಗೆ ತಬಲಾ ಇಲ್ಲದೆ ಹಾಡಲ್ಲ ಅಂದ್ರಲ್ಲ, ಇಬ್ಬರನ್ನೂ ಒಂದೇ ರೂಮಲ್ಲಿ ಕೂರಿಸಿದ್ದೆ. ನಿಮ್ಮ ವಾಯ್ಸ್ ಅಂಕಲ್ ಮೈಕಿಗೂ ಬಿದ್ದಿದೆ. ಅದನ್ನ ಅಡಗಿಸೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ. ಸರಿ ಮಾಡಿದ ವಾಯ್ಸಿಗೂ ಅದಕ್ಕೂ ತಾಳೆ ಆಗಲ್ಲ, ಎರಡೆರಡು ಥರ ಕೇಳುತ್ತೆ..." ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು.

"ಅದಕ್ಕ ಸಾಫ್ಟ್‌ವೇರ್ ಹಚ್ಚಿಯೇನು?"

"ಇಲ್ಲ. ಅದು ತಬಲಾ ಅಲ್ವಾ."

ಅವನು ಎಲ್ಲ ಪಟ್ಟಿಗಳನ್ನೂ ಆರಿಸಿದ. ಕೊಳಲು ಹೋಯಿತು, ಕೀಬೋರ್ಡು ಹೋಯಿತು, ಇಂಪಾದ ಹೆಂಗಸು ಹೋದಳು. ತಬಲಾ ಮೈಕಿನ ಪಟ್ಟಿಯೊಂದೇ ಉಳಿಯಿತು. ಅದರ ಮೇಲೆ ತಾನು ಮಾಡಿದ್ದನ್ನೆಲ್ಲ ತೆಗೆದುಹಾಕಿ, ಬಲದಿಂದ ನಡುವಿಗೆ ತಂದು, ದನಿಯನ್ನು ಎತ್ತಿದ.

ಮೊದಲು ತಬಲಾ, ಹತ್ತಿರದಲ್ಲಿ, ಒರಟಾಗಿ, ಬೆರಳಿನ ಉಗುರು ತಾಗುವುದೂ ಕೇಳುವಷ್ಟು. ಅದರಾಚೆ ಆರು ಅಡಿ ದೂರದಲ್ಲಿ ನಾನು. ಅಕ್ಟೋಬರಿನ ನಾನು. ದನಿ ದೊಡ್ಡದಲ್ಲ, ಇಂಪೂ ಅಲ್ಲ. ಎರಡು ಕಡೆ ಉಸಿರು ಸಾಲದೆ ಸಾಲು ಬೇಗ ಮುಗಿಸಿದ್ದೆ. ಆದರೆ ‘ದಣಿದೈತಿ’ ಬಂದಾಗ ಗಾಂಧಾರ ತೂಗಿತು. ನಿಧಾನವಾಗಿ, ಎರಡು ಸಲ, ಇಳಿಯುವ ಮೊದಲು ಇನ್ನೊಮ್ಮೆ. ತಬಲಾದ ಗದ್ದಲದ ನಡುವೆ ಅದೊಂದು ಜಾಗದಲ್ಲಿ ಮಾತ್ರ ದನಿ ತೊಳೆದಿಟ್ಟ ಹಾಗೆ ಸ್ವಚ್ಛವಾಗಿ ಕೇಳಿತು. ನನಗೆ ಆಶ್ಚರ್ಯವಾಯಿತು. ಎರಡನೆಯ ಸಲ ಆ ಸಾಲು ಬಂದಾಗಲೂ ಹಾಗೇ. ಮೂರನೆಯ ಸಲವೂ.

ಕೃಷ್ಣಚೈತನ್ಯನಿಗೆ ಅದು ಕಿವಿಗಿಂತ ಮೊದಲು ಕಣ್ಣಿಗೆ ಕಂಡಿತ್ತು. ಪರದೆಯ ಮೇಲೆ ಬೆರಳಿಟ್ಟ. "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ಅಂಕಲ್ ಮೂರು ಕಡೆ ನಾಲ್ಕು ನಾಲ್ಕು ಮಾತ್ರೆ ಬಾರಿಸದೆ ಬಿಟ್ಟುಬಿಟ್ಟಿದಾರೆ. ಮೊದಲ ಮಿಕ್ಸಲ್ಲಿ ಕೊಳಲು ಮುಚ್ಚಿತ್ತು, ಈಗ ಖಾಲಿ ಹೊಡೆಯುತ್ತೆ. ತೊಂದರೆ ಇಲ್ಲ, ಬೇರೆ ಕಡೆಯಿಂದ ತಬಲಾ ಕಾಪಿ ಮಾಡಿ ತುಂಬಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

"ಬ್ಯಾಡ," ಎಂದರು ಚನ್ನಮಲ್ಲಪ್ಪ.

ನಾನು ಅವರ ಕಡೆ ತಿರುಗಿದೆ. ಈ ಮನುಷ್ಯ ಹಾಡಿನ ನಡುವೆ ಮಾತ್ರೆ ಬಿಡುತ್ತಾರೆ ಎಂದು ಮೂವತ್ತು ವರ್ಷ ಬೈದಿದ್ದೇನೆ. ಗಮನವಿಲ್ಲ, ಊಟದ ಯೋಚನೆ, ಕೈಗೆ ಸೋಮಾರಿತನ ಎಂದು ಮಂದಿಯ ಮುಂದೆಯೇ ಅಂದಿದ್ದೇನೆ. ಒಮ್ಮೆಯೂ ಎದುರಾಡಿದವರಲ್ಲ.

"ಯಾಕ ಬಿಟ್ರಿ?"

"ನೀ ಅಲ್ಲಿಗೆ ಬಂದಾಗ ನನಗ ಕೇಳಬೇಕನಸ್ತೈತಿ," ಎಂದರು. "ಬಾರಿಸಿದ್ರ ಕೇಳ್ಸೂದಿಲ್ಲ."

ಹೇಳಿ, ಏನೋ ತಪ್ಪು ಒಪ್ಪಿಕೊಂಡವರಂತೆ ತಲೆ ತಗ್ಗಿಸಿದರು. ನನಗೆ ನಾಚಿಕೆಯಾಯಿತು, ಪ್ರೀತಿಯೂ ಉಕ್ಕಿತು. ಎರಡನ್ನೂ ಹೇಳಲು ಗಂಟಲು ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಅದೂ ಅನುಮಾನವೇ.

"ಏನೂ ತುಂಬಬ್ಯಾಡಪ್ಪಾ," ಎಂದೆ ಹುಡುಗನಿಗೆ. "ಕೊಳಲೂ ಬ್ಯಾಡ, ಮತ್ತೇನೂ ಬ್ಯಾಡ. ಈ ಒಂದು ಮೈಕು ಸಾಕು."

"ಬರೀ ಇದೇನಾ? ಆಂಟಿ, ಉಳಿದ ಒಂಬತ್ತು ಹಾಡಿನ ಪಕ್ಕ ಇದು ತುಂಬಾ ಕಚ್ಚಾ ಅನ್ಸುತ್ತೆ. ಸೀಡಿ ಕೆಟ್ಟಿದೆ ಅಂತ ಜನ ನನಗೆ ಫೋನ್ ಮಾಡ್ತಾರೆ."

"ಮಾಡ್ಲಿ. ನನ್ನ ನಂಬರ್ ಕೊಡು."

ಅವನು ಮೊದಲ ಸಲ ನಕ್ಕ. ಆ ಪಟ್ಟಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಎರಡು ಸೀಡಿಗಳಿಗೆ ಬರೆದು, ಎರಡನ್ನೂ ಓದಿಸಿ ನೋಡಿ ನನ್ನ ಕೈಗೆ ಕೊಟ್ಟ. "ಇನ್ನೊಮ್ಮೆ ಹಚ್ಚು," ಎಂದು ಕೇಳಿದೆ. ಹಚ್ಚಿದ. ಈ ಸಲ ನಾನು ಪರದೆ ನೋಡಲಿಲ್ಲ, ನನ್ನ ಗಂಡನನ್ನು ನೋಡಿದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತ ತಾಳದ ಜೊತೆ ಹೋಗುತ್ತಿದ್ದರು. ‘ಎಬ್ಬಿಸಬ್ಯಾಡ ಮಗಳ’ ಮುಗಿಯಿತು. ಬೆರಳು ನಿಂತವು.